ವೈಫೈ ಏಕೆ ಸೊರಗುತ್ತದೆ?

(ಎಣ್ಣೂರಿನ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಸಾಹಿತ್ಯವನ್ನು ಕುರಿತೋ ಸಂಗೀತವನ್ನು ಕುರಿತೋ ಮಾತನಾಡುವುದು ವಾಡಿಕೆ. ನನಗೆ ಅವೆರಡರಲ್ಲಿಯೂ ಪ್ರವೇಶ ಅಷ್ಟಕ್ಕಷ್ಟೆ. ನಾನು ಬಾಳಿನ ಬಹುಭಾಗವನ್ನು ಕಾರ್ಖಾನೆಯ ಅಳತೆಯ ಯಂತ್ರಗಳನ್ನು ರಿಪೇರಿ ಮಾಡುವುದರಲ್ಲಿ ಕಳೆದವನು. ಆದಕಾರಣ ಕಾರ್ಯದರ್ಶಿಗಳು ನನ್ನನ್ನು ಕರೆದು, "ನಮ್ಮ ಮಕ್ಕಳ ಕನ್ನಡ ಪಾಠಕ್ಕೆ ಲ್ಯಾಪ್‌ಟಾಪಿನಲ್ಲಿ ವೈಫೈ ಸರಿಯಾಗಿ ಸಿಗುವುದಿಲ್ಲವೆಂದು ಮನೆಮನೆಯಲ್ಲೂ ದೂರು. ಅದರ ಮರ್ಮವೇನು, ಮದ್ದೇನು, ನಾಲ್ಕು ಮಾತು ಹೇಳಿ" ಎಂದಾಗ ಒಪ್ಪಿಕೊಂಡೆ. ವಿಷಯ ಸಣ್ಣದೆಂದು ಯಾರೂ ತಿಳಿಯಬಾರದು. ಅದರಿಂದ ಎಂತಹ ನಷ್ಟವಾಗಬಹುದೆಂಬುದನ್ನು ಮುಂದೆ ಒಂದು ಉದಾಹರಣೆಯಿಂದಲೇ ತೋರಿಸುತ್ತೇನೆ.

ನಮ್ಮ ಊರಿನ ಸ್ಥಿತಿ ನಿಮಗೆಲ್ಲ ತಿಳಿದದ್ದೇ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೊಸಸ್ತಲೈಯಾರು ನದಿ ಕಡಲನ್ನು ಸೇರುವ ಅಳಿವೆ, ನಡುವೆ ಕಾರ್ಖಾನೆಗಳು. ೧೯೭೦ರಲ್ಲಿ ವಿದ್ಯುತ್ತನ್ನು ಉತ್ಪಾದಿಸತೊಡಗಿ ೨೦೧೭ರಲ್ಲಿ ನಿಂತುಹೋದ ಹಳೆಯ ಶಾಖ ವಿದ್ಯುದಾಗಾರ, ೨೦೦೧ರಲ್ಲಿ ಆರಂಭವಾದ ಬಂದರು, ಬಸ್ಸು ಲಾರಿಗಳನ್ನು ತಯಾರಿಸುವ ಕಾರ್ಖಾನೆ, ಇವುಗಳ ಕೆಲಸಕ್ಕೆ ಬಂದವರು, ಹೋಟೆಲು ಅಂಗಡಿಗಳನ್ನಿಟ್ಟವರು, ಹೀಗೆ ನಮ್ಮ ಜನ ಇಲ್ಲಿ ಚದುರಿ ನೆಲೆಸಿದ್ದಾರೆ. ತ್ಯಾಗರಾಯನಗರದಲ್ಲಿರುವ ಕನ್ನಡಿಗರಿಗೆ ಇರುವ ಅನುಕೂಲ ನಮಗಿಲ್ಲ. ಇಲ್ಲಿಂದ ಅಲ್ಲಿಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ರಸ್ತೆಯಲ್ಲಿ ಕಂಟೇನರ್ ಲಾರಿಗಳ ಸಾಲು. ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಕನ್ನಡ ಪಾಠಕ್ಕಾಗಿ ಮಗುವನ್ನು ಕರೆದುಕೊಂಡು ಹೋಗಿ ಬರುವುದು ಆಗದ ಮಾತು. ಆದ್ದರಿಂದಲೇ ಪಾಠ ಲ್ಯಾಪ್‌ಟಾಪಿನ ಮೂಲಕ ಮನೆಗೆ ಬರುತ್ತದೆ. ಮನೆಯ ಮೂಲೆಯಲ್ಲಿ ಅಲೆ ಸೊರಗಿದರೆ ಪಾಠವೂ ಸೊರಗುತ್ತದೆ.

ನಿಸ್ತಂತು ನಮಗೆ ಹೊಸದಲ್ಲ. ೧೮೯೫ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಜಗದೀಶಚಂದ್ರ ಬೋಸರು ಕಣ್ಣಿಗೆ ಕಾಣದ ವಿದ್ಯುತ್ ಅಲೆಗಳನ್ನು ಗೋಡೆಗಳನ್ನು ದಾಟಿಸಿ ಆಚೆಗಿದ್ದ ಗಂಟೆಯನ್ನು ಬಾರಿಸಿ ತೋರಿಸಿದರು. ಅವರು ಬಳಸಿದ ಅಲೆಗಳು ಬಹಳ ಗಿಡ್ಡವಾದವು. ಇಂದಿನ ವೈಫೈ ಅಲೆಗಳಿಗೆ ಹತ್ತಿರದ ಬಂಧುಗಳು. ನಮ್ಮ ಈ ಮದರಾಸಿನಲ್ಲಿ ೧೯೨೪ರಲ್ಲಿಯೇ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ಪ್ರಸಾರವನ್ನು ಆರಂಭಿಸಿತು. ೧೯೨೭ರಲ್ಲಿ ಅದು ನಿಂತಿತು. ಅದರ ಯಂತ್ರವನ್ನು ಪಡೆದು ಮದರಾಸು ಕಾರ್ಪೊರೇಷನ್ನು ೧೯೩೦ರಿಂದ ಪ್ರಸಾರವನ್ನು ನಡೆಸಿತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ನಿಲಯವನ್ನು ಸ್ಥಾಪಿಸಿದರು. ಇಡೀ ದೇಶದ ಬಾನುಲಿಗೆ ಮುಂದೆ ಸಂದ 'ಆಕಾಶವಾಣಿ' ಎಂಬ ಹೆಸರು ಮೊದಲು ಕೇಳಿಬಂದದ್ದು ಆ ಮೈಸೂರಿನ ನಿಲಯದಿಂದ ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯ.

ಬೆಂಗಳೂರು ನಿಲಯ ೧೯೫೫ರ ನವೆಂಬರಿನಲ್ಲಿ ಆರಂಭವಾಯಿತು. ಮುಂದೆ ೬೧೨ ಕಿಲೋಹರ್ಟ್ಸಿನ ಅದರ ಕನ್ನಡವನ್ನು ಹಿಡಿಯಲು ಇಲ್ಲಿನ ಹಿರಿಯರು ಎಷ್ಟು ಪಾಡುಪಡುತ್ತಿದ್ದರೆಂಬುದನ್ನು ನಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿದ್ದೇವೆ. ಹಗಲು ಬರೀ ಗೊರಗೊರ ಸದ್ದು. ಇರುಳಾದ ಮೇಲೆ ಸ್ವಲ್ಪ ಸ್ಪಷ್ಟ. ಮಹಡಿಯ ಮೇಲೆ ಎರಡು ಬೊಂಬು ನೆಟ್ಟು ಏರಿಯಲ್ ತಂತಿ ಎಳೆಯುವುದು, ಅರ್ತಿನ ತಂತಿಯನ್ನು ಹುಗಿದ ಜಾಗಕ್ಕೆ ನೀರು ಹನಿಸುವುದು, ಟ್ರಾನ್ಸಿಸ್ಟರನ್ನು ಮೆಲ್ಲನೆ ತಿರುಗಿಸಿ ದನಿ ಯಾವ ಮುಖಕ್ಕೆ ಗಟ್ಟಿಯಾಗುತ್ತದೆಂದು ನೋಡುವುದು, ಇವೆಲ್ಲ ಅಂದಿನ ಗೃಹಸ್ಥರಿಗೆ ತಿಳಿದ ವಿದ್ಯೆ. ರೇಡಿಯೋ ಕೇಳದಿದ್ದರೆ ಅವರು ಮೊದಲೇ ಅಂಗಡಿಗೆ ಓಡುತ್ತಿರಲಿಲ್ಲ. ಪೆಟ್ಟಿಗೆಯ ದೋಷವೋ, ತಂತಿಯ ದೋಷವೋ, ಹವೆಯ ದೋಷವೋ ಎಂದು ವಿಚಾರಮಾಡುತ್ತಿದ್ದರು. ಆ ವಿಚಾರದ ಅಭ್ಯಾಸವನ್ನು ನಾವು ಲ್ಯಾಪ್‌ಟಾಪಿನ ವಿಷಯದಲ್ಲಿ ಕೈಬಿಟ್ಟಿದ್ದೇವೆ. ಅದನ್ನು ಮತ್ತೆ ಹಿಡಿಯಬೇಕೆಂಬುದೇ ಈ ಭಾಷಣದ ಉದ್ದೇಶ.

ರೇಡಿಯೋಗೂ ವೈಫೈಗೂ ಇರುವ ಎರಡು ಭೇದಗಳನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮೊದಲನೆಯದು ಅಲೆಯ ಉದ್ದ. ೬೧೨ ಕಿಲೋಹರ್ಟ್ಸಿನ ರೇಡಿಯೋ ಅಲೆ ಸುಮಾರು ೪೯೦ ಮೀಟರು ಉದ್ದ. ಅಷ್ಟು ದೊಡ್ಡ ಅಲೆಗೆ ನಮ್ಮ ಮನೆಯ ಗೋಡೆ ಒಂದು ಲೆಕ್ಕವೇ ಅಲ್ಲ. ಸಮುದ್ರದ ತೆರೆ ದಡದ ಗೂಟವನ್ನು ಬಳಸಿಕೊಂಡು ಹೋಗುವಂತೆ ಅದು ಹೋಗಿಬಿಡುತ್ತದೆ. ವೈಫೈಯಲ್ಲಿ ಮುಖ್ಯವಾಗಿ ಎರಡು ಪಟ್ಟಿಗಳುಂಟು: ೨.೪ ಗಿಗಾಹರ್ಟ್ಸಿನದು, ೫ ಗಿಗಾಹರ್ಟ್ಸಿನದು. ಮೊದಲಿನದರ ಅಲೆ ಸುಮಾರು ಹನ್ನೆರಡೂವರೆ ಸೆಂಟಿಮೀಟರು; ಎರಡನೆಯದರ ಅಲೆ ಸುಮಾರು ಆರು ಸೆಂಟಿಮೀಟರು. ಇಷ್ಟು ಗಿಡ್ಡನೆಯ ಅಲೆಗೆ ಗೋಡೆ, ಬೀರು, ಕನ್ನಡಿ, ನೀರಿನ ತೊಟ್ಟಿ, ಕಡೆಗೆ ನಡುವೆ ಕುಳಿತ ಮನುಷ್ಯನ ಶರೀರ ಕೂಡ ಅಡ್ಡಿಯೇ.

ಎರಡನೆಯ ಭೇದ ಇನ್ನೂ ಮುಖ್ಯ. ರೇಡಿಯೋ ಬರೀ ಕೇಳುವ ಯಂತ್ರ. ಬೆಂಗಳೂರಿನ ೨೦೦ ಕಿಲೋವ್ಯಾಟಿನ ಪ್ರಸಾರಯಂತ್ರ ಕೂಗುತ್ತಿತ್ತು, ನಮ್ಮ ಪೆಟ್ಟಿಗೆ ಸುಮ್ಮನೆ ಕೇಳುತ್ತಿತ್ತು. ಲ್ಯಾಪ್‌ಟಾಪು ಹಾಗಲ್ಲ, ಅದು ಕೇಳಬೇಕು, ಉತ್ತರವನ್ನೂ ಕೊಡಬೇಕು. ಮನೆಯಲ್ಲಿ ಗೋಡೆಗೆ ತಗುಲಿಹಾಕಿರುವ ರೌಟರಿನ ಬಲ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಬೆಂಗಳೂರಿನ ಆ ಯಂತ್ರಕ್ಕಿಂತ ಇಪ್ಪತ್ತು ಲಕ್ಷ ಪಾಲು ಕಡಮೆ! ಲ್ಯಾಪ್‌ಟಾಪಿನ ಬಲ ಅನೇಕ ವೇಳೆ ಅದಕ್ಕಿಂತಲೂ ಕಡಮೆ. ಆದ್ದರಿಂದ ರೌಟರಿನ ಮಾತು ನಮಗೆ ಕೇಳಿಸುತ್ತಿದ್ದರೂ ನಮ್ಮ ಮಾತು ರೌಟರಿಗೆ ಕೇಳಿಸದೆ ಹೋಗಬಹುದು. ಪರದೆಯ ಮೇಲೆ ಚಿಹ್ನೆ ಚೆನ್ನಾಗಿಯೇ ಇದೆ, ಪಾಠ ಹೇಳುವವರ ಮುಖ ಕಾಣುತ್ತದೆ, ಆದರೆ ನಾವಾಡಿದ್ದು ಅವರಿಗೆ ತುಂಡುತುಂಡಾಗಿ ಮುಟ್ಟುತ್ತದೆ. ಇದೊಂದು ವಿಚಿತ್ರ ರೋಗ. ಇದನ್ನು ಗುರುತಿಸದೆ ಎಷ್ಟೋ ಜನ ಮೋಸಹೋಗುತ್ತಾರೆ.

ಈಗ ಅಳತೆಯ ಮಾತು. ಚಿಹ್ನೆಯ ಮೂರು ನಾಲ್ಕು ಗೆರೆಗಳನ್ನು ನಂಬಬೇಡಿ; ಅವು ಅಂದಾಜಿನವು. ನಿಜವಾದ ಅಳತೆ ಡಿಬಿಎಂ ಎಂಬ ಮಾನದಲ್ಲಿರುತ್ತದೆ. ಅದು ಋಣಸಂಖ್ಯೆ, ಮೈನಸ್ ೪೦, ಮೈನಸ್ ೭೦ ಎಂದು ಹೇಳುವುದು. ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ. ಮೂರು ಅಂಕ ಇಳಿದರೆ ಬಲ ಅರ್ಧ. ಹತ್ತು ಅಂಕ ಇಳಿದರೆ ಹತ್ತನೆಯ ಒಂದು ಪಾಲು. ಮೈನಸ್ ೬೦ ಎಂದರೆ ಒಂದು ಮಿಲಿವ್ಯಾಟಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಇಷ್ಟು ಅಲ್ಪ ಬಲದಿಂದ ಮುಖವೂ ಮಾತೂ ಬರುತ್ತವೆಂಬುದೇ ಆಶ್ಚರ್ಯ! ಮೈನಸ್ ೬೭ರವರೆಗೆ ಮುಖ ನೋಡಿ ಮಾತನಾಡುವ ಪಾಠಕ್ಕೆ ತೊಂದರೆಯಿಲ್ಲ. ೭೦ ದಾಟಿದರೆ ತಡವರಿಕೆ. ೮೦ ದಾಟಿದರೆ ಅದನ್ನು ನೆಚ್ಚಿ ಪರೀಕ್ಷೆಗೆ ಕೂಡುವುದು ಅಪಾಯ.

ಈ ಅಂಕವನ್ನು ನೋಡುವುದು ಕಷ್ಟವಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆಜ್ಞೆಗಳನ್ನು ಬರೆಯುವ ಕಪ್ಪು ಕಿಟಕಿಯನ್ನು ತೆರೆದು 'ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್' ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ ಸಿಗ್ನಲ್ ಶೇಕಡ ಎಷ್ಟೆಂದು ಬರುತ್ತದೆ. ಶೇಕಡ ನೂರು ಎಂದರೆ ಮೈನಸ್ ೫೦, ಐವತ್ತು ಎಂದರೆ ಮೈನಸ್ ೭೫ ಎಂದು ಲೆಕ್ಕ. ಆಪಲ್ ಕಂಪೆನಿಯ ಲ್ಯಾಪ್‌ಟಾಪಿನಲ್ಲಿ ಆಪ್ಷನ್ ಕೀಲಿಯನ್ನು ಒತ್ತಿಹಿಡಿದು ವೈಫೈ ಚಿಹ್ನೆಯನ್ನು ಮುಟ್ಟಿದರೆ ಡಿಬಿಎಂ ಅಂಕವೇ ಕಾಣುತ್ತದೆ. ಮೊಬೈಲಿಗೆ ಇದೇ ಕೆಲಸ ಮಾಡುವ ಆ್ಯಪುಗಳು ಪುಕ್ಕಟೆಯಾಗಿ ಸಿಗುತ್ತವೆ.

ಅಳತೆ ತಿಳಿದ ಮೇಲೆ ವಿಚಾರಣೆ. ಮೂರೇ ಪ್ರಶ್ನೆ ಕೇಳಿದರೆ ಕಳ್ಳ ಯಾವ ಮನೆಯಲ್ಲಿದ್ದಾನೆಂದು ತಿಳಿಯುತ್ತದೆ.

ಮೊದಲ ಪ್ರಶ್ನೆ: ದೋಷ ಅಲೆಯದೋ, ಹೊರಗಿನಿಂದ ಬರುವ ಇಂಟರ್ನೆಟ್ ತಂತಿಯದೋ? ಲ್ಯಾಪ್‌ಟಾಪನ್ನು ತಂತಿಯಿಂದ ರೌಟರಿಗೇ ಜೋಡಿಸಿ ನೋಡಿ. ಲ್ಯಾಪ್‌ಟಾಪಿನಲ್ಲಿ ತಂತಿಯ ಕಿಂಡಿ ಇಲ್ಲದಿದ್ದರೆ ರೌಟರಿನಿಂದ ಎರಡು ಮಾರು ದೂರದಲ್ಲಿ ಕುಳಿತು ನೋಡಿ. ಆಗಲೂ ಮಂದವಾಗಿದ್ದರೆ ಹೊರಗಿನ ತಂತಿಯನ್ನೂ ಸಂಶಯಿಸಬೇಕು. ಇಂಟರ್ನೆಟ್ ಕೊಡುವವರಿಗೆ ದೂರು ಕೊಡುವುದು ನ್ಯಾಯ. ಆಗ ಸರಿಯಾಗಿದ್ದರೆ ಅವರನ್ನು ಬೈದು ಫಲವಿಲ್ಲ. ದೋಷ ನಮ್ಮ ಮನೆಯೊಳಗೇ ಇದೆ.

ಎರಡನೆಯ ಪ್ರಶ್ನೆ: ದೋಷ ಜಾಗದ್ದೋ, ಲ್ಯಾಪ್‌ಟಾಪಿನದೋ? ಇದಕ್ಕೆ ಸಾಕ್ಷಿ ನಿಮ್ಮ ಜೇಬಿನಲ್ಲಿಯೇ ಇದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿಯೇ ಮೊಬೈಲನ್ನಿಟ್ಟು ಅದೇ ವೈಫೈಗೆ, ಅದೇ ಪಟ್ಟಿಗೆ ಸೇರಿಸಿ ಎರಡರ ಅಂಕವನ್ನೂ ನೋಡಿ. ಎರಡೂ ಸೊರಗಿದ್ದರೆ ಜಾಗದ ದೋಷ. ಮೊಬೈಲು ಗಟ್ಟಿಯಾಗಿದ್ದು ಲ್ಯಾಪ್‌ಟಾಪು ಮಾತ್ರ ಬಹಳ ಸೊರಗಿದ್ದರೆ ಲ್ಯಾಪ್‌ಟಾಪಿನ ದೋಷ. ನಾಲ್ಕೈದು ಅಂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬಾರದು. ಹದಿನೈದು ಇಪ್ಪತ್ತು ಅಂಕದ ವ್ಯತ್ಯಾಸವಿದ್ದರೆ ಸಂಶಯಕ್ಕೆ ಎಡೆಯಿಲ್ಲ.

ಮೂರನೆಯ ಪ್ರಶ್ನೆ: ಅಲೆ ದುರ್ಬಲವೋ, ಗದ್ದಲ ಹೆಚ್ಚೋ? ಅಂಕ ಗಟ್ಟಿಯಾಗಿದ್ದೂ ಮಾತು ತುಂಡಾಗುತ್ತಿದ್ದರೆ ಅದು ಗದ್ದಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ಗಟ್ಟಿಯಾಗಿ ಮಾತನಾಡಿದರೂ ನಮಗೆ ತಿಳಿಯುವುದಿಲ್ಲ. ಅವರ ದನಿ ಸಣ್ಣದೆಂದಲ್ಲ, ಸುತ್ತಲಿನ ಸದ್ದು ದೊಡ್ಡದೆಂದು.

ಈ ಮೂರು ಪ್ರಶ್ನೆಗಳು ಎಷ್ಟು ಉಪಯುಕ್ತವೆಂಬುದಕ್ಕೆ ನಾನು ಮೊದಲೇ ಹೇಳಿದ ಉದಾಹರಣೆಯನ್ನು ಕೊಡುತ್ತೇನೆ. ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಸಣ್ಣ ಹೋಟೆಲು ನಡೆಸುವ ಕುಟುಂಬ ಒಂದುಂಟು. ಅವರ ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ತಮಿಳು, ಇಂಗ್ಲಿಷು. ಮನೆಯಲ್ಲಿ ಕುಂದಾಪುರದ ಕನ್ನಡ. ಓದು ಬರಹದ ಕನ್ನಡ ಭಾನುವಾರದ ಪಾಠದಲ್ಲಿ ಮಾತ್ರ. ನಾಲ್ಕು ವಾರ ಕಳೆದ ಮೇಲೆ ಪಾಠ ಹೇಳುವ ತಾಯಿಯಿಂದ ಮಾತು ಬಂತು: "ಮಗುವಿಗೆ ಆಸಕ್ತಿಯಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವುದಿಲ್ಲ. ಓದು ಎಂದರೆ ಬಾಯಿ ಮುಚ್ಚಿಕೊಂಡು ಕೂಡುತ್ತಾಳೆ." ತಂದೆಗೆ ಸಿಟ್ಟು ಬಂದು, ಅಷ್ಟು ಕಷ್ಟಪಟ್ಟು ಕಲಿಯುವುದು ಬೇಡ, ನಿಲ್ಲಿಸಿಬಿಡೋಣ ಎಂದರಂತೆ. ಹುಡುಗಿಯ ತಾಯಿ ನನ್ನ ಬಳಿಗೆ ಬಂದು, "ಮಾವ, ಅವಳು ಓದುವುದನ್ನು ನಾನೇ ಪಕ್ಕದಲ್ಲಿ ಕುಳಿತು ಕೇಳಿದ್ದೇನೆ. ಓದುತ್ತಾಳೆ. ಅಲ್ಲಿ ಯಾಕೆ ಕೇಳುವುದಿಲ್ಲವೋ ಒಮ್ಮೆ ನೋಡಿ ಹೇಳಿ" ಎಂದರು.

ನಾನು ಹೋಗಿ ನೋಡಿದೆ. ಪರದೆಯ ಮೇಲೆ ಪಾಠದ ತಾಯಿಯ ಮುಖ ಅಲ್ಲಲ್ಲಿ ನಿಂತರೂ ಕಾಣುತ್ತಿತ್ತು, ದನಿಯೂ ಬರುತ್ತಿತ್ತು. ಹುಡುಗಿಯ ಮಾತು ಮಾತ್ರ ಆ ಕಡೆ ಮುಟ್ಟುತ್ತಿರಲಿಲ್ಲ. ರೌಟರಿನ ಪಕ್ಕದಲ್ಲಿ ಮೊಬೈಲನ್ನಿಟ್ಟು ನೋಡಿದೆವು; ಇಂಟರ್ನೆಟ್ಟಿನಲ್ಲಿ ದೋಷವಿಲ್ಲ. ಹುಡುಗಿ ಕೂಡುವ ಮೇಜಿನ ಮೇಲೆ ಮೊಬೈಲು ಮೈನಸ್ ೫೮ ತೋರಿಸಿತು, ಲ್ಯಾಪ್‌ಟಾಪು ಮೈನಸ್ ೭೯. ಅಲ್ಲಿಗೆ ಜಾಗ ನಿರಪರಾಧಿ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ರೌಟರಿನ ಮುಂದೆ ಒಂದು ಮಾರು ದೂರದಲ್ಲಿ ಇಟ್ಟರೂ ಅದು ಮೈನಸ್ ೬೦ಕ್ಕಿಂತ ಮೇಲೇರಲಿಲ್ಲ. ಅದೇ ಜಾಗದಲ್ಲಿ ಮೊಬೈಲು ೩೫. "ಇದರ ಒಳಗೆ ಯಾರಾದರೂ ಕೈಹಾಕಿದ್ದರೇ?" ಎಂದು ಕೇಳಿದೆ. ಎರಡು ತಿಂಗಳ ಹಿಂದೆ ಬ್ಯಾಟರಿ ಬದಲಾಯಿಸಿದ್ದು ಎಂದರು. ಪಾಠ ಕೆಟ್ಟದ್ದು ಅದರ ಈಚೆಗೆ.

ಲ್ಯಾಪ್‌ಟಾಪಿನ ಏರಿಯಲ್ ಎಲ್ಲಿರುತ್ತದೆಂದು ಬಹಳ ಜನಕ್ಕೆ ತಿಳಿಯದು. ಅದು ಸಾಮಾನ್ಯವಾಗಿ ಮುಚ್ಚಳದಲ್ಲಿ, ಪರದೆಯ ಅಂಚಿನಲ್ಲಿ ಅಡಗಿರುತ್ತದೆ. ಅಲ್ಲಿಂದ ಎರಡು ಸಣ್ಣ ತಂತಿಗಳು, ಹೆಚ್ಚಾಗಿ ಒಂದು ಕರಿಯದು ಒಂದು ಬಿಳಿಯದು, ಕೀಲಿನ ಮೂಲಕ ಇಳಿದು ಒಳಗಿನ ವೈಫೈ ಕಾರ್ಡಿಗೆ ಸೇರುತ್ತವೆ. ತುದಿಯಲ್ಲಿ ರವಿಕೆಯ ಒತ್ತುಗುಂಡಿಯಂತಹ, ಆದರೆ ಸಾಸಿವೆ ಕಾಳಿನಷ್ಟು ಸಣ್ಣ ಹಿತ್ತಾಳೆಯ ಬಿಲ್ಲೆ. ಬ್ಯಾಟರಿ ಬದಲಾಯಿಸುವಾಗಲೋ ಕೀಲು ರಿಪೇರಿ ಮಾಡುವಾಗಲೋ ಇದು ಕಳಚುವುದುಂಟು. ಕಳಚಿದರೆ ಲ್ಯಾಪ್‌ಟಾಪು ಪೂರ್ತಿ ಮೂಕವಾಗುವುದಿಲ್ಲ, ಪಿಸುಮಾತಿಗೆ ಇಳಿಯುತ್ತದೆ. ಅದಕ್ಕೇ ರೋಗ ಪತ್ತೆಯಾಗುವುದಿಲ್ಲ.

ಮರುದಿನ ನಮ್ಮೆದುರಿಗೇ ಮೆಕ್ಯಾನಿಕ್ಕನಿಂದ ತಳ ಬಿಚ್ಚಿಸಿದೆವು. ಒಂದು ತಂತಿ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಇನ್ನೊಂದು ಕೂತಿತ್ತು, ಆದರೆ ಬಿಲ್ಲೆಯ ಸುತ್ತ ಹಸಿರು ಕಿಲುಬು. ಇದು ನಮ್ಮ ಕಡಲಗಾಳಿಯ ಉಡುಗೊರೆ. ಉಪ್ಪಿನ ಗಾಳಿ ಕಿಟಕಿಯ ಕಬ್ಬಿಣದ ಸರಳನ್ನು ತಿನ್ನುವುದು ಕಾಣುತ್ತದೆ. ತಾಮ್ರ ಹಿತ್ತಾಳೆಯ ಸಣ್ಣ ಜೋಡಣೆಗಳನ್ನು ತಿನ್ನುವುದು ಕಾಣುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆರಿದ ಮೇಲೆ ಎರಡು ಬಿಲ್ಲೆಗಳನ್ನೂ ನೇರವಾಗಿ ಒತ್ತಿ ಕೂರಿಸಿದ. ಮೇಜಿನ ಮೇಲೆ ಅಂಕ ಮೈನಸ್ ೬೧ಕ್ಕೆ ಬಂತು. ಹದಿನೆಂಟು ಅಂಕ ಎಂದರೆ ಬಲ ಅರವತ್ತು ಪಾಲಿಗೂ ಹೆಚ್ಚಾಯಿತು. ಮುಂದಿನ ಭಾನುವಾರ ಹುಡುಗಿ ಪಾಠವನ್ನು ಮೊದಲಿನಿಂದ ಕಡೆಯವರೆಗೆ ಓದಿದಳು, ಪಾಠದ ತಾಯಿ, "ಇಷ್ಟು ದಿನ ಏಕಮ್ಮಾ ಓದಲಿಲ್ಲ?" ಎಂದು ಕೇಳಿದರಂತೆ. ಅವಳು ಓದುತ್ತಲೇ ಇದ್ದಳು! ಸಾಸಿವೆಯಷ್ಟು ಹಿತ್ತಾಳೆ ಕಳಚಿದ್ದಕ್ಕೆ ಒಂದು ಮಗುವಿಗೆ ಕನ್ನಡದಲ್ಲಿ ಆಸಕ್ತಿಯಿಲ್ಲವೆಂಬ ತೀರ್ಪು ಆಗಿಹೋಗುತ್ತಿತ್ತು. ಆದ್ದರಿಂದ ಮಗುವನ್ನು ಬೈಯುವ ಮೊದಲು ಅಲೆಯನ್ನು ಅಳೆಯಿರಿ.

ಎಲ್ಲ ಮನೆಯಲ್ಲೂ ತಂತಿ ಕಳಚಿರುವುದಿಲ್ಲ. ಹೆಚ್ಚಿನ ಕಡೆ ದೋಷ ಜಾಗದ್ದೇ. ಫೈಬರ್ ತಂತಿ ಬೀದಿಬಾಗಿಲಿನಲ್ಲಿ ಒಳಗೆ ಬರುತ್ತದೆ. ಕೂರಿಸುವವನು ಅಲ್ಲಿಯೇ, ಮೀಟರು ಪೆಟ್ಟಿಗೆಯ ಪಕ್ಕದಲ್ಲಿ ರೌಟರನ್ನು ತಗುಲಿಸಿ ಹೋಗುತ್ತಾನೆ. ನಾವು ಅದು ಅಂದಗೇಡೆಂದು ಟೆಲಿವಿಷನ್ನಿನ ಹಿಂದಕ್ಕೋ, ಸ್ಟೀಲ್ ಬೀರುವಿನ ಸಂದಿಗೋ, ಅಟ್ಟದ ಮೇಲಿನ ಪಾತ್ರೆಗಳ ನಡುವಿಗೋ ತಳ್ಳುತ್ತೇವೆ. ದೀಪವನ್ನು ಕೊಡದೊಳಗೆ ಇಟ್ಟಂತಾಯಿತು. ಇಟ್ಟಿಗೆಯ ಗೋಡೆ ಅಲೆಯನ್ನು ಸ್ವಲ್ಪ ಹೀರುತ್ತದೆ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಬಹಳ ಹೀರುತ್ತದೆ. ಲೋಹದ ಹಾಳೆಯಾದರೆ ಬಹುಮಟ್ಟಿಗೆ ಹಿಂದಕ್ಕೇ ಅಟ್ಟುತ್ತದೆ. ದೊಡ್ಡ ಕನ್ನಡಿಯ ಬೆನ್ನಿನ ಲೋಹದ ಲೇಪವೂ ಅಂತಹದೇ. ರೌಟರು ಮನೆಯ ನಡುಭಾಗದಲ್ಲಿ, ತಲೆಯ ಎತ್ತರಕ್ಕೆ, ಬಯಲಾಗಿ ಇರತಕ್ಕದ್ದು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವ ಹಾಗಿಲ್ಲದಿದ್ದರೆ ಕಿಟಕಿಯ ಮೂಲಕ ಉದ್ದದ ತಂತಿಯನ್ನು ಎಳೆಯಬಹುದು.

ರೌಟರಿನ ಕೋಲುಗಳ ವಿಷಯ ಒಂದು ಮಾತು. ಕೋಲಿನ ತುದಿಯನ್ನು ಲ್ಯಾಪ್‌ಟಾಪಿನ ಕಡೆಗೆ ಬಂದೂಕದಂತೆ ಗುರಿಯಿಡುವವರುಂಟು. ಅದು ತಪ್ಪು ತಿಳಿವಳಿಕೆ. ಅಲೆ ಕೋಲಿನ ಪಕ್ಕಗಳಿಂದ ಹೊರಡುತ್ತದೆ. ತುದಿಯ ದಿಕ್ಕಿನಲ್ಲಿ ಅತಿ ಕಡಮೆ. ಒಂದೇ ಅಂತಸ್ತಿನ ಮನೆಗೆ ಕೋಲುಗಳು ನೆಟ್ಟಗೆ ನಿಂತಿರಲಿ. ಮೇಲಿನ ಮಹಡಿಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ.

ಇನ್ನೊಂದು ಚಮತ್ಕಾರವನ್ನು ನೀವೇ ಮಾಡಿ ನೋಡಬಹುದು. ಕೋಣೆಯೊಳಗೆ ಅಲೆ ಗೋಡೆಗಳಿಗೆ ಬಡಿದು ಹಿಂದಿರುಗಿ ತನ್ನನ್ನು ತಾನೇ ಕೂಡುತ್ತದೆ, ಕಳೆಯುತ್ತದೆ. ಕಳೆದ ಜಾಗದಲ್ಲಿ ಬಲ ಕುಸಿದಿರುತ್ತದೆ. ಅಲೆ ಗಿಡ್ಡವಾದ್ದರಿಂದ ಆ ಕುಳಿಯೂ ಗಿಡ್ಡ. ಲ್ಯಾಪ್‌ಟಾಪನ್ನು ಒಂದು ಗೇಣು ಆಚೆಗೆ ಸರಿಸಿದರೆ ಅಂಕ ಏರುವುದುಂಟು. ಟ್ರಾನ್ಸಿಸ್ಟರನ್ನು ತಿರುಗಿಸಿ ಬೆಂಗಳೂರನ್ನು ಹಿಡಿಯುತ್ತಿದ್ದವರ ವಿದ್ಯೆಗೆ ಇದು ಸಮೀಪದ್ದು, ಕಾಸಿನ ಖರ್ಚಿಲ್ಲ.

ಇನ್ನು ಗದ್ದಲದ ವಿಷಯ. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. ವೈಫೈಗೆ ಅಂತಹ ಕಟ್ಟಿಲ್ಲ. ನಮ್ಮ ದೇಶದಲ್ಲಿ ೨.೪ ಗಿಗಾಹರ್ಟ್ಸಿನ ಪಟ್ಟಿಯನ್ನು ೨೦೦೫ರಲ್ಲಿ ಪರವಾನಗಿಯಿಂದ ಬಿಡುಗಡೆ ಮಾಡಿದರು. ೫ ಗಿಗಾಹರ್ಟ್ಸಿನ ಕಡೆ ೨೦೧೮ರಲ್ಲಿ ಇನ್ನೂ ವಿಶಾಲವಾದ ಜಾಗವನ್ನು ತೆರೆದರು. ಪರವಾನಗಿ ಇಲ್ಲದ ಬಯಲಿನಲ್ಲಿ ಯಾರು ಬೇಕಾದರೂ ಮಾತನಾಡಬಹುದು. ಅದೇ ಅನುಕೂಲ, ಅದೇ ತೊಡಕು. ೨.೪ರ ಪಟ್ಟಿ ಕಿರಿದು. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳೆಂದು ಸಾಮಾನ್ಯವಾಗಿ ಬಳಸುವುದು ೧, ೬, ೧೧ ಎಂಬ ಮೂರನ್ನು ಮಾತ್ರ. ನಮ್ಮ ಒತ್ತೊತ್ತಾದ ಮನೆಗಳ ಸಾಲಿನಲ್ಲಿ ಹತ್ತು ರೌಟರುಗಳು ಈ ಮೂರರಲ್ಲಿಯೇ ಜಗಳವಾಡುತ್ತವೆ. ಬ್ಲೂಟೂತ್ ಯಂತ್ರಗಳೂ ಅಲ್ಲಿಯೇ. ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲಿಯೇ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೆಲವು ವೇಗದ ಯುಎಸ್‌ಬಿ ಡಿಸ್ಕುಗಳು ಕೂಡ ಇದೇ ಪಟ್ಟಿಯಲ್ಲಿ ಸದ್ದು ಮಾಡುತ್ತವೆ. ಡಿಸ್ಕನ್ನು ತೆಗೆದ ಕೂಡಲೆ ವೈಫೈ ಸುಧಾರಿಸಿದರೆ ಕಾರಣ ಅದೇ.

ಇದಕ್ಕೆ ಮದ್ದು, ರೌಟರು ಇರುವ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಕುಳಿತವರು ೫ ಗಿಗಾಹರ್ಟ್ಸಿಗೆ ಸೇರಿಕೊಳ್ಳುವುದು. ಅಲ್ಲಿ ಜಾಗ ವಿಶಾಲ, ಓಟವೂ ಹೆಚ್ಚು. ಎರಡು ಮೂರು ಗೋಡೆ ದಾಟಬೇಕಾದವರು ೨.೪ರಲ್ಲಿಯೇ ಇರಬೇಕು, ಏಕೆಂದರೆ ಗಿಡ್ಡ ಅಲೆ ಗೋಡೆಗೆ ಬೇಗ ದಣಿಯುತ್ತದೆ. ಮೊಬೈಲಿನ ಆ್ಯಪಿನಿಂದ ನೆರೆಯವರು ಯಾವ ಚಾನೆಲಿನಲ್ಲಿದ್ದಾರೆಂದು ನೋಡಿ, ಖಾಲಿಯಿರುವುದನ್ನು ಹಿಡಿಯಿರಿ. ನೆರೆಹೊರೆಯವರು ಕೂಡಿ ಕುಳಿತು ಹಂಚಿಕೊಂಡರೆ ಇನ್ನೂ ಲೇಸು. ನಮ್ಮ ಬೀದಿಯಲ್ಲಿ ಪಕ್ಕದ ತಮಿಳು ಮನೆಯವರೂ ನಾವೂ ಹಾಗೆ ಮಾಡಿಕೊಂಡೆವು, ಇಬ್ಬರಿಗೂ ಲಾಭವಾಯಿತು.

ಲ್ಯಾಪ್‌ಟಾಪಿನ ಒಳಗಿನ ಏರ್ಪಾಡುಗಳಲ್ಲಿ ಎರಡನ್ನು ಹೇಳಿ ಮುಂದೆ ಹೋಗುತ್ತೇನೆ. ಕರೆಂಟಿಗೆ ಸಿಕ್ಕಿಸಿದಾಗ ವೈಫೈ ಚೆನ್ನಾಗಿದ್ದು, ಬ್ಯಾಟರಿಯ ಮೇಲೆ ನಡೆಯುವಾಗ ಸೊರಗಿದರೆ, ಅದು ಬ್ಯಾಟರಿ ಉಳಿಸಲು ವೈಫೈ ಕಾರ್ಡನ್ನು ತೂಕಡಿಸಲು ಬಿಡುವ ಏರ್ಪಾಡು. ಪವರ್ ಸೇವಿಂಗ್ ಎಂಬುದನ್ನು ತೆಗೆಯಬೇಕು. ವಿಂಡೋಸನ್ನು ಹೊಸದು ಮಾಡಿದ ಮರುದಿನದಿಂದ ಕೆಟ್ಟಿದ್ದರೆ ಡ್ರೈವರ್ ಎಂಬ ತಂತ್ರಾಂಶದ ದೋಷವಿರಬಹುದು. ಲ್ಯಾಪ್‌ಟಾಪು ತಯಾರಿಸಿದವರ ತಾಣದಿಂದಲೇ ಅದನ್ನು ಮತ್ತೆ ಹಾಕಿಸಿ. ಕೆಟ್ಟದ್ದು ಯಾವ ದಿನದಿಂದ, ಅದರ ಹಿಂದಿನ ದಿನ ಏನು ಬದಲಾಯಿತು ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಅರ್ಧ ರಿಪೇರಿ ಆದಂತೆಯೇ.

ಕಡೆಯದಾಗಿ ಖರ್ಚಿನ ವಿಚಾರ. ವೈಫೈ ಸಿಗುವುದಿಲ್ಲವೆಂದು ಹೊಸ ಲ್ಯಾಪ್‌ಟಾಪನ್ನೇ ಕೊಂಡವರನ್ನು ನಾನು ಬಲ್ಲೆ. ಹೊಸದೂ ಅದೇ ಬೀರುವಿನ ಹಿಂದೆ ಅದೇ ಹಾಗೆ ಸೊರಗಿತು. ಕ್ರಮವಾಗಿ ನಡೆಯಿರಿ. ಮೊದಲು ಖರ್ಚಿಲ್ಲದ್ದು: ಜಾಗ ಬದಲಾವಣೆ, ಚಾನೆಲು ಬದಲಾವಣೆ, ಏರ್ಪಾಡುಗಳ ಪರೀಕ್ಷೆ. ಆಮೇಲೆ ಅಲ್ಪ ಖರ್ಚಿನದು: ವಾರಂಟಿ ಮುಗಿದಿದ್ದರೆ ತಳ ಬಿಚ್ಚಿಸಿ ಏರಿಯಲ್ ತಂತಿಗಳನ್ನು ನೋಡುವುದು, ವಾರಂಟಿ ಇದ್ದರೆ ಕೊಟ್ಟವರಿಗೇ ಒಪ್ಪಿಸುವುದು. ಒಳಗಿನ ಕಾರ್ಡು ಹಳೆಯದಾಗಿ ೫ ಗಿಗಾಹರ್ಟ್ಸ್ ಹಿಡಿಯದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಸಣ್ಣ ವೈಫೈ ಯಂತ್ರ ಸಿಗುತ್ತದೆ. ಹೊಸ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಅದು ಏನೂ ಅಲ್ಲ. ರಿಪೀಟರನ್ನು ಕೊಳ್ಳುವವರು ಒಂದನ್ನು ನೆನಪಿಡಬೇಕು: ಅದನ್ನು ಅಲೆ ಸತ್ತ ಕೋಣೆಯಲ್ಲಿ ಇಡಬಾರದು, ಅಲೆ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ ಇಡಬೇಕು. ತಾನೇ ಕೇಳದವನು ಇನ್ನೊಬ್ಬರಿಗೆ ಏನು ಹೇಳಿಯಾನು? ಸಾಧಾರಣ ರಿಪೀಟರು ಒಂದೇ ಪಟ್ಟಿಯಲ್ಲಿ ಕೇಳಿ ಅದರಲ್ಲಿಯೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯುವುದೂ ಉಂಟು.

ಎಲ್ಲಕ್ಕಿಂತ ನಂಬಿಕೆಯದು ಹಳೆಯ ಮದ್ದೇ. ಮಗುವಿನ ಪರೀಕ್ಷೆ, ಕೆಲಸದ ಸಂದರ್ಶನ, ದೂರದ ವೈದ್ಯರೊಂದಿಗೆ ಮಾತು ಇಂತಹ ಹೊತ್ತಿನಲ್ಲಿ ರೌಟರಿನಿಂದ ಲ್ಯಾಪ್‌ಟಾಪಿಗೆ ಒಂದು ತಂತಿಯನ್ನೇ ಹಾಕಿಬಿಡಿ. ನಿಸ್ತಂತುವಿಗೆ ಅಭಿಮಾನಭಂಗವೇನೂ ಇಲ್ಲ. ಮಳೆಗಾಲದಲ್ಲಿ, ೨೦೨೩ರ ಡಿಸೆಂಬರಿನ ಮಿಗ್ಜಾಮ್ ಚಂಡಮಾರುತದಂತಹ ಸಮಯದಲ್ಲಿ ಹೊರಗಿನ ತಂತಿಯೂ ಕರೆಂಟೂ ಹೋದರೆ ನಮ್ಮ ಈ ಉಪಾಯಗಳೊಂದೂ ನಡೆಯುವುದಿಲ್ಲ. ಅದು ಬೇರೆ ಮಾತು. ಮಿಕ್ಕ ದಿನಗಳಲ್ಲಿ ಬಹುಪಾಲು ದೋಷ ನಮ್ಮ ಕೈಗೆ ಎಟಕುವಂತಹದು.

ಈ ಸಂಘದಲ್ಲಿ ಓದಿದ ತರುಣರು ಅನೇಕರಿದ್ದೀರಿ. ಭಾನುವಾರದ ಪಾಠಕ್ಕೆ ಹೆಸರು ಕೊಟ್ಟ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಿ, ಮಗು ಕೂಡುವ ಜಾಗದಲ್ಲಿ ಲ್ಯಾಪ್‌ಟಾಪಿನ ಅಂಕವನ್ನೂ ಮೊಬೈಲಿನ ಅಂಕವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಒಂದು ಮನೆಗೆ ಅರ್ಧ ಗಂಟೆ ಸಾಕು. ಮೈನಸ್ ೭೦ಕ್ಕಿಂತ ಕೆಳಗಿರುವ ಮನೆಗಳನ್ನು ಮುಂದಿನ ತಿಂಗಳೊಳಗೆ ಸರಿಪಡಿಸೋಣ. ಬಿಚ್ಚುವ ಕೆಲಸವಿದ್ದರೆ ನನ್ನನ್ನು ಕರೆಯಿರಿ, ನಾನು ಬರುತ್ತೇನೆ. ದೂರದ ಊರಿನಲ್ಲಿ ಭಾಷೆಯನ್ನು ಉಳಿಸಿಕೊಳ್ಳುವುದೆಂದರೆ ಇಂತಹ ಸಣ್ಣ ಕೆಲಸಗಳನ್ನು ಬೇಸರವಿಲ್ಲದೆ ಮಾಡುವುದೇ ಎಂದು ನಾನು ನಂಬಿದ್ದೇನೆ.